ಹಾಲಿನ ಲೆಕ್ಕದ ಒಂದು ದಶಮಾಂಶ ಮತ್ತು ನನ್ನ ಮೊದಲ ಕೆಲಸ

ನನ್ನ ಮೊದಲ ಕೆಲಸದ ಪತ್ರದಲ್ಲಿ ‘ಉದ್ಯೋಗಿ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ‘ಕನ್ಸಲ್ಟೆಂಟ್’ ಎಂದಿತ್ತು. 2022ರಲ್ಲಿ ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ ಬಂದಿದ್ದ ನನಗೆ ಅದು ಸರಿಕಾಣಲಿಲ್ಲ. ಸಹಿ ಹಾಕುವ ಮೊದಲೇ ಕೇಳಿದೆ. ‘ಹೊಸಬರಿಗೆಲ್ಲ ಹೀಗೆಯೇ, ಆರು ತಿಂಗಳಲ್ಲಿ ಖಾಯಂ ಮಾಡುತ್ತೇವೆ’ ಎಂದರು. ತಿಂಗಳಿಗೆ 30,000 ರೂಪಾಯಿ. ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) ಕಳೆದು ಕೈಗೆ 27,000. ಪಿಎಫ್ ಇಲ್ಲ, ವಿಮೆ ಇಲ್ಲ, ಸಂಬಳದ ಚೀಟಿಯೂ ಇಲ್ಲ. ತಿಂಗಳ ಕೊನೆಗೆ ನಾನೇ ಕಂಪನಿಗೆ ಬಿಲ್ ಕಳಿಸಬೇಕು.

ಹೀಗೆ ಮಾಡುವುದರ ಹಿಂದೆ ಒಂದು ಲೆಕ್ಕವಿದೆ. 1952ರ ಭವಿಷ್ಯನಿಧಿ (ಪಿಎಫ್) ಕಾಯ್ದೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗೆ ಅನ್ವಯಿಸುತ್ತಿತ್ತು. ಎಚ್‌ಎಸ್‌ಆರ್ ಲೇಔಟಿನ ಆ ಮನೆಯಂಥ ಕಚೇರಿಯಲ್ಲಿ ದಿನವೂ ಕೂರುತ್ತಿದ್ದವರು ಮೂವತ್ತಕ್ಕೂ ಹೆಚ್ಚು ಜನ. ಕಾಗದದಲ್ಲಿ ಉದ್ಯೋಗಿಗಳಾಗಿದ್ದವರು ಇಪ್ಪತ್ತಕ್ಕಿಂತ ಕಡಿಮೆ. ಉಳಿದ ನಾವೆಲ್ಲ ಆಯಾ ವರ್ಷ ಕಾಲೇಜು ಬಿಟ್ಟವರು, ಎಲ್ಲರೂ ಕನ್ಸಲ್ಟೆಂಟ್‌ಗಳು. ಕನ್ಸಲ್ಟೆಂಟ್ ಎಂದರೆ ತನ್ನ ಸಮಯಕ್ಕೆ ತಾನೇ ಯಜಮಾನನಾಗಿರಬೇಕು. ನಾವು ಬೆಳಿಗ್ಗೆ ಒಂಬತ್ತೂವರೆಗೆ ಮೊಬೈಲಿನಲ್ಲಿ ಹಾಜರಿ ಹಾಕಬೇಕಿತ್ತು, ಒಂದು ದಿನದ ರಜೆಗೂ ಮೇಲ್ ಬರೆದು ಒಪ್ಪಿಗೆಗೆ ಕಾಯಬೇಕಿತ್ತು. ಲ್ಯಾಪ್‌ಟಾಪ್ ಕಂಪನಿಯದು, ಗುರುತಿನ ಚೀಟಿ ಕಂಪನಿಯದು.

ಆದರೂ ನಾನು ಸಂತೋಷದಿಂದಲೇ ಸೇರಿದೆ, ಯಾಕೆಂದರೆ ಅವರು ಮಾಡುತ್ತಿದ್ದ ಕೆಲಸ ನನಗೆ ಬೇಕಾದ ಕೆಲಸವಾಗಿತ್ತು. ಖಾಸಗಿ ಡೇರಿಗಳ ಹಾಲು ಸಂಗ್ರಹ ಕೇಂದ್ರಗಳಿಗೆ ತಂತ್ರಾಂಶ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಎರಡು ಹಸು ಕಟ್ಟಿದ್ದಾರೆ, ಸಂಘಕ್ಕೆ ಹಾಲು ಹಾಕುತ್ತಾರೆ. ನನ್ನ ಕಾಲೇಜಿನ ಬಸ್ ಪಾಸು, ಪರೀಕ್ಷೆಯ ಶುಲ್ಕ ಎಲ್ಲ ಆ ಬಟವಾಡೆಯಲ್ಲೇ ನಡೆದದ್ದು. ಕೊಬ್ಬು 3.5, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಎಂಬ ಅಂಕಿಗಳು ನಮ್ಮ ಕಡೆ ಹಾಲು ಹಾಕುವ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಈ ಅಂಕಿಗಳನ್ನು ದುಡ್ಡಾಗಿ ಬದಲಿಸುವ ಕೋಡ್ ಬರೆಯುವ ಕೆಲಸ ಸಿಕ್ಕಾಗ ಇದಕ್ಕಿಂತ ಒಳ್ಳೆಯ ಆರಂಭ ಇನ್ನೇನಿದ್ದೀತು ಎಂದುಕೊಂಡೆ. ಇವತ್ತಿಗೂ ಆ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ.

ಕಂಪನಿಗೆ ಇಬ್ಬರು ಸ್ಥಾಪಕರು. ಒಬ್ಬರು ಹೂಡಿಕೆದಾರರ ಹಿಂದೆ ದೆಹಲಿ, ಮುಂಬೈ ಎಂದು ಓಡಾಡುತ್ತಿದ್ದರು. ಇನ್ನೊಬ್ಬರು ಮಾರಾಟ ನೋಡಿಕೊಳ್ಳುತ್ತಿದ್ದರು. ತಾಂತ್ರಿಕ ವಿಭಾಗ ಕಟ್ಟಿದ್ದ ಅನುಭವಿಗಳು ನಾನು ಬರುವ ಮೊದಲೇ ಬಿಟ್ಟು ಹೋಗಿದ್ದರು. ನನ್ನ ತಂಡದ ಮುಖ್ಯಸ್ಥನಿಗೆ ನನಗಿಂತ ಒಂದು ವರ್ಷ ಹೆಚ್ಚು ಅನುಭವ. ಒಳ್ಳೆಯ ಹುಡುಗ, ಶ್ರಮಜೀವಿ. ಆದರೆ ಅವನಿಗೂ ಕಲಿಸಿಕೊಡುವವರು ಯಾರೂ ಇರಲಿಲ್ಲ. ಪ್ರತಿ ಸೋಮವಾರ ಆ ವಾರದ ಕೆಲಸ ಹಂಚಿಕೆಯಾಗುತ್ತಿತ್ತು, ಬುಧವಾರದ ಹೊತ್ತಿಗೆ ದೆಹಲಿಯಿಂದ ಫೋನ್ ಬಂದು ಎಲ್ಲ ಬದಲಾಗುತ್ತಿತ್ತು. ಒಬ್ಬ ಹೂಡಿಕೆದಾರರಿಗೆ ನಕ್ಷೆ ತೋರಿಸಬೇಕು, ಇನ್ನೊಬ್ಬರಿಗೆ ಹಸುವಿನ ಮುಖ ಗುರುತಿಸುವ ಕ್ಯಾಮೆರಾ ತೋರಿಸಬೇಕು. ಅರ್ಧಕ್ಕೆ ಬಿಟ್ಟ ಕೆಲಸಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಯಾವುದನ್ನು ಯಾರು ಯಾಕೆ ನಿಲ್ಲಿಸಿದರು ಎಂಬುದು ಎಲ್ಲಿಯೂ ಬರವಣಿಗೆಯಲ್ಲಿ ಇರುತ್ತಿರಲಿಲ್ಲ.

ರಾತ್ರಿ ಹತ್ತರವರೆಗೆ ಕೂತದ್ದು, ಭಾನುವಾರದ ಕರೆಗಳು, ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾಗೆ ದುಡಿದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ್ದು ಬೇರೆ.

ಆಂಧ್ರದ ಕುಪ್ಪಂ ಕಡೆಯ ಒಂದು ಡೇರಿಯ ದೂರುಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ನಡೆಯುತ್ತವೆ. ಕನ್ನಡದಲ್ಲಿ ಮಾತಾಡುವವರು ಬೇಕೆಂದು ನನಗೆ ಕೊಟ್ಟರು. ಒಂದೇ ಬಗೆಯ ದೂರು ಮತ್ತೆ ಮತ್ತೆ: ಹಸು ಅದೇ, ಮೇವು ಅದೇ, ಆದರೆ ಯಂತ್ರ ಬಂದಮೇಲೆ ದುಡ್ಡು ಕಡಿಮೆ. ಕೋಡ್ ತೆಗೆದು ನೋಡಿದೆ. ಹಾಲು ಪರೀಕ್ಷಿಸುವ ಯಂತ್ರ ಕೊಬ್ಬಿನ ಪ್ರಮಾಣವನ್ನು ಎರಡು ದಶಮಾಂಶಗಳಲ್ಲಿ ಕೊಡುತ್ತದೆ, 3.98 ಎಂಬಂತೆ. ಡೇರಿಯ ದರಪಟ್ಟಿಯಲ್ಲಿ ಇರುವುದು ಒಂದೇ ದಶಮಾಂಶ: 3.9ಕ್ಕೆ ಒಂದು ದರ, 4.0ಕ್ಕೆ ಇನ್ನೊಂದು. ನಮ್ಮ ಕೋಡ್ ಎರಡನೆಯ ಅಂಕಿಯನ್ನು ಸುಮ್ಮನೆ ಕತ್ತರಿಸಿ ಹಾಕುತ್ತಿತ್ತು. 3.98 ಬಂದರೂ 3.9ರ ದರ, 3.91 ಬಂದರೂ ಅದೇ ದರ.

ಆ ಪಟ್ಟಿಯಲ್ಲಿ ಒಂದೊಂದು ಮೆಟ್ಟಿಲಿಗೆ ಲೀಟರಿಗೆ 30 ಪೈಸೆ ವ್ಯತ್ಯಾಸ. ಕೊನೆಯ ಅಂಕಿ 5ರಿಂದ 9ರೊಳಗೆ ಬಿದ್ದಾಗಲೆಲ್ಲ ಹಾಲು ಹಾಕಿದವರಿಗೆ ಒಂದು ಮೆಟ್ಟಿಲು ನಷ್ಟ. ಸರಾಸರಿ ತೆಗೆದರೆ ಲೀಟರಿಗೆ 15 ಪೈಸೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ತಿಂಗಳಿಗೆ ಸುಮಾರು 45 ರೂಪಾಯಿ. ಬೆಂಗಳೂರಿನಲ್ಲಿ ಕೂತವರಿಗೆ ಇದು ಎರಡು ಕಾಫಿಯ ದುಡ್ಡು. ಹಸು ಕಟ್ಟಿದವರಿಗೆ ಒಂದು ಕಿಲೋ ಹಿಂಡಿ. ಇಂಥ ನೂರಾರು ಮನೆಗಳು ಆ ಒಂದು ಡೇರಿಗೆ ಹಾಲು ಹಾಕುತ್ತಿದ್ದವು.

ಇದು ತಪ್ಪೋ ಅಥವಾ ಡೇರಿಯವರೇ ಹೀಗೆ ಮಾಡಿ ಎಂದು ಹೇಳಿದ್ದರೋ? ಇಷ್ಟು ಚಿಕ್ಕ ಪ್ರಶ್ನೆಗೆ ಆ ಕಚೇರಿಯಲ್ಲಿ ಉತ್ತರ ಇರಲಿಲ್ಲ. ಆ ಸಾಲು ಬರೆದವರು ಕೆಲಸ ಬಿಟ್ಟಿದ್ದರು. ಒಪ್ಪಂದದಲ್ಲಿ ಈ ವಿಷಯವೇ ಇಲ್ಲ. ತಂಡದ ಮುಖ್ಯಸ್ಥ ಮಾರಾಟದವರನ್ನು ಕೇಳು ಎಂದ. ಮಾರಾಟದವರು ಇದು ತಾಂತ್ರಿಕ ವಿಷಯ ಎಂದರು. ಸ್ಥಾಪಕರಿಗೆ ಬರೆದ ಮೇಲ್‌ಗೆ ‘ಡೆಮೊ ಮುಗಿಯಲಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಯಾರಿಗೂ ರೈತರ ದುಡ್ಡು ಹೊಡೆಯುವ ಉದ್ದೇಶವಿರಲಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಆದರೆ ಇದು ನನ್ನ ಜವಾಬ್ದಾರಿ ಎನ್ನುವವರು ಒಬ್ಬರೂ ಇರಲಿಲ್ಲ. ಕೆಟ್ಟ ಆಡಳಿತ ಎಂದರೆ ಕೂಗಾಡುವ ಯಜಮಾನ ಎಂದು ತಿಳಿದಿದ್ದೆ. ನಾನು ಕಂಡದ್ದರಲ್ಲಿ ಕೂಗಾಟವೇ ಇರಲಿಲ್ಲ, ಎಲ್ಲರೂ ನಯವಾಗಿಯೇ ಮಾತಾಡುತ್ತಿದ್ದರು. ಅಷ್ಟು ಹೊತ್ತಿಗೆ ಅಲ್ಲಿ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ತಪ್ಪು ಲೆಕ್ಕ ಬೀಳುತ್ತಲೇ ಇತ್ತು.

ಕೊನೆಗೆ ಯಂತ್ರ ಸರಿಪಡಿಸಲು ಹೊರಟಿದ್ದ ನಮ್ಮ ಸರ್ವಿಸ್ ಹುಡುಗನ ಜೊತೆ ನಾನೂ ರೈಲು ಹತ್ತಿ ಕುಪ್ಪಂಗೆ ಹೋದೆ. ಸಂಗ್ರಹ ಕೇಂದ್ರದ ಲೆಕ್ಕ ಬರೆಯುವವರು ಹಿರಿಯರು. ವಿಷಯ ಹೇಳಿದಾಗ ಒಳಗಿನಿಂದ ಹಳೆಯ ಲೆಜರ್ ತಂದು ಮುಂದಿಟ್ಟರು. ಯಂತ್ರ ಬರುವ ಮೊದಲು ಅವರ ಕೈಬರಹದ ಲೆಕ್ಕ. ಐದು ಮತ್ತು ಮೇಲ್ಪಟ್ಟದ್ದು ಮೇಲಕ್ಕೆ, ಕೆಳಗಿನದು ಕೆಳಕ್ಕೆ. ಪುಟದಿಂದ ಪುಟಕ್ಕೆ ಅದೇ ನಿಯಮ. ‘ನಾವು ಹೀಗೇ ಕೊಡುತ್ತಿದ್ದೆವಮ್ಮ, ನಿಮ್ಮ ಯಂತ್ರವೇ ಬೇರೆ ಹೇಳುತ್ತದೆ’ ಎಂದರು. ನಿಯಮ ಅಲ್ಲಿ ಸಿದ್ಧವಾಗಿಯೇ ಇತ್ತು. ತಂತ್ರಾಂಶ ಬರೆಯುವ ಮೊದಲು ಅವರನ್ನು ಕೇಳಿದವರಿರಲಿಲ್ಲ. ಲೆಜರಿನ ನಾಲ್ಕು ಪುಟಗಳ ಫೋಟೊ ತೆಗೆದುಕೊಂಡು ಬಂದು, ನಿಯಮವನ್ನು ಒಂದು ಪುಟದಲ್ಲಿ ಬರೆದು, ಕೋಡಿನ ಆ ಸಾಲನ್ನು ತಿದ್ದಿ ಇಬ್ಬರು ಸ್ಥಾಪಕರಿಗೂ ಕಳಿಸಿದೆ.

ತಿದ್ದಿದ ಕೋಡನ್ನು ಸರ್ವರಿಗೆ ಏರಿಸುವ ಪಾಸ್‌ವರ್ಡ್ ದೆಹಲಿಯಲ್ಲಿದ್ದವರ ಬಳಿ ಮಾತ್ರ ಇತ್ತು. ಅದು ಏರಲು ಇನ್ನೂ ಎರಡು ಬಟವಾಡೆ ಕಳೆಯಿತು. ಹಿಂದಿನ ತಿಂಗಳುಗಳಲ್ಲಿ ಆದ ನಷ್ಟವನ್ನು ಮನೆವಾರು ಲೆಕ್ಕ ಹಾಕಿ ಪಟ್ಟಿ ಮಾಡಿಕೊಟ್ಟೆ. ಯಂತ್ರದ ಮೂಲ ಅಂಕಿಗಳೆಲ್ಲ ಡೇಟಾಬೇಸಿನಲ್ಲಿ ಇದ್ದವು, ಆದ್ದರಿಂದ ಅದು ಕಷ್ಟದ ಕೆಲಸವಾಗಿರಲಿಲ್ಲ. ಆ ಪಟ್ಟಿ ಡೇರಿಗೆ ಹೋಗಲೇ ಇಲ್ಲ. ಕೊಟ್ಟರೆ ಗ್ರಾಹಕರು ಕೈತಪ್ಪುತ್ತಾರೆ ಎಂದರು. ಅಂದು ಸಂಜೆಯೇ ಬೇರೆ ಕೆಲಸ ಹುಡುಕಲು ಶುರುಮಾಡಿದೆ.

ಅಷ್ಟರಲ್ಲಿ ದುಡ್ಡು ಬಿಗಿಯಾಗತೊಡಗಿತ್ತು. 2021ರಲ್ಲಿ ದೇಶದ ಸ್ಟಾರ್ಟ್‌ಅಪ್‌ಗಳಿಗೆ ಹಣ ಧಾರಾಳವಾಗಿ ಹರಿದಿತ್ತು, ಒಂದೇ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಯೂನಿಕಾರ್ನ್‌ಗಳು, ಅಂದರೆ ನೂರು ಕೋಟಿ ಡಾಲರ್ ಮೌಲ್ಯ ಮುಟ್ಟಿದ ಸ್ಟಾರ್ಟ್‌ಅಪ್‌ಗಳು, ಹುಟ್ಟಿದ್ದವು. ನಾವು ಸೇರಿದ್ದು ಆ ಉಬ್ಬರ ಇಳಿಯುವಾಗ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದಾಗ, ನಮ್ಮ ಹಣ ಅಲ್ಲಿ ಇಲ್ಲದಿದ್ದರೂ, ಸಂಬಳ ತಡವಾಗುವುದಕ್ಕೆ ಅದೂ ಒಂದು ಕಾರಣವಾಯಿತು. ಐದನೇ ತಾರೀಖು ಹದಿನೈದಾಯಿತು, ಹದಿನೈದು ಮುಂದಿನ ತಿಂಗಳಾಯಿತು. ಬಿಟಿಎಂ ಲೇಔಟಿನ ಪಿಜಿಯ ಬಾಡಿಗೆ ತಾರೀಖಿಗೆ ಸರಿಯಾಗಿ ಕಟ್ಟಬೇಕು. ಅಮ್ಮ ಹಾಲಿನ ದುಡ್ಡಿನಲ್ಲಿ ಕಳಿಸಿದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ಊರಿನಿಂದ ದುಡ್ಡು ಹೋಗುವುದನ್ನು ಅಮ್ಮ ಯಾರಿಗೂ ಹೇಳಲಿಲ್ಲ.

ನಮ್ಮನ್ನು ಸಮಾಧಾನಪಡಿಸಲು ಷೇರು ಕೊಡುತ್ತೇವೆ, ಇಸಾಪ್ (ಕಂಪನಿಯ ಷೇರನ್ನು ಮುಂದೆ ಕೊಳ್ಳಲು ನೌಕರರಿಗೆ ಕೊಡುವ ಹಕ್ಕು) ಕೊಡುತ್ತೇವೆ ಎಂದರು. ಜೊತೆಗಿದ್ದ ಹುಡುಗಿಯೊಬ್ಬಳ ಅಣ್ಣ ಕಂಪನಿ ಸೆಕ್ರೆಟರಿ. ಅವರಿಂದ ತಿಳಿದದ್ದು ಇದು: 2014ರ ಕಂಪನಿ ನಿಯಮಗಳ ಪ್ರಕಾರ ಇಸಾಪ್ ಸಿಗುವುದು ಖಾಯಂ ಉದ್ಯೋಗಿಗಳಿಗೆ ಮತ್ತು ನಿರ್ದೇಶಕರಿಗೆ. ಕನ್ಸಲ್ಟೆಂಟ್‌ಗಳು ಅದರಲ್ಲಿ ಬರುವುದಿಲ್ಲ. ಪಿಎಫ್ ತಪ್ಪಿಸಲು ನಮಗೆ ಕೊಟ್ಟ ಹೆಸರೇ, ಅವರು ತೋರಿಸುತ್ತಿದ್ದ ಆಸೆಯನ್ನೂ ಅಸಾಧ್ಯ ಮಾಡಿತ್ತು. ಸ್ಥಾಪಕರಿಗೆ ಈ ನಿಯಮ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದೆ ಮಾತು ಕೊಟ್ಟಿದ್ದರೂ ನನಗೆ ಅದು ಕಡಿಮೆ ತಪ್ಪೆನಿಸುವುದಿಲ್ಲ. ಇಪ್ಪತ್ತೆರಡರ ಮಕ್ಕಳು ಆ ಮಾತು ನಂಬಿ ಮನೆಯವರಿಗೆ ಫೋನ್ ಮಾಡಿದ್ದರು.

2023ರ ಜೂನ್‌ನಲ್ಲಿ ಬಿಟ್ಟೆ. ಏಪ್ರಿಲ್ ಮತ್ತು ಮೇ ತಿಂಗಳ ಹಣ ಬಾಕಿ. ಜುಲೈನಲ್ಲಿ ಆದಾಯ ತೆರಿಗೆಯ ವಿವರ ಸಲ್ಲಿಸಲು ಹಾಸನದ ಲೆಕ್ಕಪರಿಶೋಧಕರ ಬಳಿ ಹೋದಾಗ ಇನ್ನೊಂದು ಗೊತ್ತಾಯಿತು. ನನ್ನಿಂದ ಕಡಿತವಾದ ತೆರಿಗೆ ಸರ್ಕಾರಕ್ಕೆ ತಲುಪಿದೆಯೇ ಎಂಬುದು 26ಎಎಸ್ ಎಂಬ ವಿವರಪಟ್ಟಿಯಲ್ಲಿ ಕಾಣುತ್ತದೆ. ಡಿಸೆಂಬರ್‌ವರೆಗಿನದು ಮಾತ್ರ ಇತ್ತು. ಜನವರಿಯಿಂದ ಮಾರ್ಚ್‌ವರೆಗೆ ನನ್ನ ಬಿಲ್‌ಗಳಿಂದ ಕಡಿದ 9,000 ರೂಪಾಯಿ ಅಲ್ಲಿರಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು: 44ಎಡಿಎ ಎಂಬ ಕಲಮಿನಡಿ ನನ್ನಂಥ ವೃತ್ತಿಪರರು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು, ಹಾಗೆ ತೋರಿಸಿದರೆ ನನಗೆ ತೆರಿಗೆಯೇ ಬರುವುದಿಲ್ಲ, ಕಟ್ಟಿದ್ದೆಲ್ಲ ವಾಪಸ್. 15,000 ರೂಪಾಯಿ ಬಂತು. ಕಡಿತವಾದ ತೆರಿಗೆಯನ್ನು ಮತ್ತೆ ನನ್ನಿಂದಲೇ ವಸೂಲಿ ಮಾಡುವಂತಿಲ್ಲ ಎಂದು ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಕಲಮು ಹೇಳುತ್ತದೆ; ಅಷ್ಟು ರಕ್ಷಣೆ ಉಂಟು. ಆದರೆ ಕಟ್ಟದೆ ಉಳಿದ ಆ ಹಣ ನನ್ನ ಕೈಗೆ ಇನ್ನೂ ಬಂದಿಲ್ಲ.

ಬಾಕಿ ಸಂಬಳಕ್ಕಾಗಿ ನಾವು ಕೆಲವರು ಸೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದೆವು. ಅಲ್ಲಿನವರು ಮೊದಲು ನೋಡಿದ್ದು ಆ ಪತ್ರವನ್ನು. ‘ನೀವು ಕನ್ಸಲ್ಟೆಂಟ್ ಅಲ್ಲವೇ?’ ಎಂದರು. ಪತ್ರದಲ್ಲಿ ಏನು ಹೆಸರಿದೆ ಎಂಬುದಕ್ಕಿಂತ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದೇ ಮುಖ್ಯ ಎಂದು ನಮ್ಮ ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ಆದರೆ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ಮೇಲೆಯೇ. ಹಾಜರಿಯ ಚಿತ್ರಗಳು, ರಜೆ ಕೇಳಿ ಬರೆದ ಮೇಲ್‌ಗಳು, ರಜೆ ನಿರಾಕರಿಸಿದ ಉತ್ತರಗಳು, ಲ್ಯಾಪ್‌ಟಾಪ್ ಹಿಂದಿರುಗಿಸಿದ ರಸೀದಿ, ಎಲ್ಲ ಜೋಡಿಸಿ ವಕೀಲರ ಮೂಲಕ ನೋಟಿಸ್ ಕಳಿಸಿದ ಮೇಲೆ ಏಪ್ರಿಲ್ ತಿಂಗಳದ್ದು ಬಂತು. ಮೇ ತಿಂಗಳದ್ದು ಬರಲಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕಡ್ಡಾಯ, ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಚುಕ್ತಾ ಆಗಬೇಕು ಎಂದಿದೆ. ಓದಿದಾಗ ನಿಜವಾಗಿಯೂ ಸಂತೋಷವಾಯಿತು. ಆದರೆ ಪಿಎಫ್‌ಗೆ ಇಪ್ಪತ್ತು ಜನರ ಗಡಿ ಹಾಗೆಯೇ ಉಳಿದಿದೆ, ಮತ್ತು ಪತ್ರದಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದುಬಿಟ್ಟರೆ ಆ ಹುಡುಗ ಅಥವಾ ಹುಡುಗಿ ಮತ್ತೆ ಅದೇ ಕಾರ್ಮಿಕ ಭವನದ ಮೆಟ್ಟಿಲು ಹತ್ತಿ ತಾನು ಉದ್ಯೋಗಿಯೆಂದು ಸಾಬೀತು ಮಾಡಬೇಕು. ಈ ಹೊರೆ ಕಂಪನಿಯ ಮೇಲಿರಬೇಕು ಎಂಬುದು ನನ್ನ ವಾದ. ಕಾಲೇಜು ಬಿಟ್ಟ ವರ್ಷವೇ ಒಬ್ಬರನ್ನು ಕನ್ಸಲ್ಟೆಂಟ್ ಎಂದು ಸೇರಿಸಿಕೊಂಡರೆ, ಅವರ ರಜೆಗೆ ಒಪ್ಪಿಗೆ ಕೊಡುವವರು ಯಾರು ಎಂಬ ಒಂದು ಪ್ರಶ್ನೆಗೆ ಆ ಕಂಪನಿ ಲಿಖಿತವಾಗಿ ಉತ್ತರಿಸಲಿ. ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಇದನ್ನೇ ಬರೆದು ಕಳಿಸಿದ್ದೇನೆ: ಕ್ಯಾಂಪಸ್‌ಗೆ ಬರುವ ಕಂಪನಿಗಳಿಂದ ಸಂಬಳದ ಮೊತ್ತದ ಜೊತೆಗೆ ಪತ್ರದ ಮಾದರಿಯನ್ನೂ ಮೊದಲೇ ಪಡೆಯಿರಿ, ಕನ್ಸಲ್ಟೆಂಟ್ ಎಂದಿದ್ದರೆ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ. ಈ ವರ್ಷದಿಂದ ಕೇಳುತ್ತೇವೆ ಎಂದು ಉತ್ತರ ಬಂದಿದೆ.