12 ಗೇಜ್ ಅಂದಮಾತ್ರಕ್ಕೆ ಎಲ್ಲ ಶೆಲ್ ನಡೆಯೋದಿಲ್ಲ

ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ಬೇಟೆ ಸಾಮಾನಿನ ಅಂಗಡಿಯೊಂದಕ್ಕೆ ಚಾಟ್ ಸಪೋರ್ಟ್ ಮಾಡೋದು ನನ್ನ ಕೆಲಸ. ಅಕ್ಟೋಬರ್ ಬಂತಂದರೆ ಕ್ಯೂ ತುಂಬ ಬಾತುಕೋಳಿ, ಹೆಬ್ಬಾತು ಬೇಟೆಯವರೇ. ಈ ಸೀಸನ್ನಿನ ಒಂದು ಚಾಟಿಗೆ ಕ್ಯೂಎದವರು, ಅಂದರೆ ನಮ್ಮ ಚಾಟ್ ಓದಿ ಗುಣಮಟ್ಟ ಅಳೆಯೋರು, ನನ್ನ ಮಾರ್ಕ್ಸ್ ಕಡಿದಿದ್ದಾರೆ. ಕಾರಣ ಎಎಚ್‌ಟಿ, ಅಂದರೆ ಒಂದು ಚಾಟ್ ಮುಗಿಸಲು ಹಿಡಿಯೋ ಸರಾಸರಿ ಸಮಯ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗಿರಾಕಿ ವಯಸ್ಸಾದವರು. ಅಪ್ಪನ ಕಾಲದ ಜೋಡುನಳಿಗೆ ಬಂದೂಕು, 12 ಗೇಜ್ (ನಳಿಗೆಯ ಒಳಗಾತ್ರದ ಅಳತೆ). ಕಾರ್ಟ್‌ನಲ್ಲಿ ಆಗಲೇ 3 ಇಂಚಿನ ಸ್ಟೀಲ್ ಬಿಬಿ, ಅಂದರೆ ಬಿಬಿ ಅನ್ನೋ ದಪ್ಪ ಸೈಜಿನ ಉಕ್ಕಿನ ಚರೆ ತುಂಬಿದ ಶೆಲ್ (ತೋಟಾ) ಹಾಕಿಕೊಂಡಿದ್ದರು. ಕೆನಡಾ ಗೂಸ್‌ಗೆ ಇದು ನಡೆಯುತ್ತದಾ ಅಂತ ಒಂದೇ ಪ್ರಶ್ನೆ. ಸ್ಕ್ರಿಪ್ಟ್ ಪ್ರಕಾರ ಹೂಂ ಅಂದು ಕ್ಲೋಸ್ ಮಾಡಬೇಕು. ಹಕ್ಕಿಗೆ ಬಿಬಿ ಸರಿಯೇ. ಉಕ್ಕು ಸೀಸಕ್ಕಿಂತ ಹಗುರ, ಹಾಗಾಗಿ ಎರಡು ನಂಬರ್ ದಪ್ಪ ಚರೆ ತೊಗೊಳ್ಳೋದು ರೂಢಿ. ನಂಬರ್ ಇಳಿದಷ್ಟೂ ಚರೆ ದಪ್ಪ, ಸೀಸದ 4 ಇದ್ದಲ್ಲಿ ಉಕ್ಕಿನ 2. ಸೀಸ ಕೊಡೋ ಹಾಗೇ ಇಲ್ಲ. ಕೆರೆಯ ತಳಕ್ಕೆ ಬಿದ್ದ ಚರೆಯನ್ನು ಹರಳು ಅಂತ ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದವು, 1991ರಿಂದ ಆ ದೇಶದಲ್ಲೆಲ್ಲ ನೀರುಹಕ್ಕಿ ಬೇಟೆಗೆ ಸೀಸ ಬಂದ್. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತು ನೋಡುತ್ತ ಬೆಳೆದವ ನಾನು. ಇಲ್ಲಿ ಅವನ್ನು ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿ ಬೇಟೆಗೆ ಲೈಸೆನ್ಸ್ ಕೊಟ್ಟರೂ ಸೀಸ ಬೇಡ ಅಂದದ್ದು ನನಗೆ ದೊಡ್ಡ ಮಾತು.

ನನ್ನನ್ನು ತಡೆದದ್ದು 'ಅಪ್ಪನ ಕಾಲದ' ಅನ್ನೋ ಮಾತು. ನಳಿಗೆ ಮೇಲೆ ಏನು ಕೆತ್ತಿದೆ ನೋಡಿ ಹೇಳಿ ಅಂದೆ. ಗೆಳೆಯನ 3 ಇಂಚಿನದು ಹಾಕಿ ನೋಡಿದ್ದೇನೆ, ಸಲೀಸಾಗಿ ಕೂತಿತು ಅಂದರು. ಅಪಾಯ ಇರೋದೇ ಅಲ್ಲಿ. 3 ಇಂಚು ಅಂದರೆ ಗುಂಡು ಹಾರಿ, ಶೆಲ್‌ನ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸೋ ಮೊದಲು ಶೆಲ್ ಗಿಡ್ಡ ಇರುತ್ತದೆ, 2¾ ಇಂಚಿನ ಚೇಂಬರಿನಲ್ಲೂ (ನಳಿಗೆಯಲ್ಲಿ ಶೆಲ್ ಕೂರೋ ಜಾಗ) ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರಿಬಿಡುತ್ತದೆ.

ಅವರು ಬಂದೂಕು ತರಲು ಎದ್ದು ಹೋದರು. ಟೈಮರ್ ಹಳದಿಯಾಯಿತು, ಕೆಂಪಾಯಿತು. 'ಮುಗಸ್ರಿ, ಕ್ಯೂ ನಿಂತೈತಿ' ಅಂತ ಟಿಎಲ್ (ಟೀಮ್ ಲೀಡರ್) ಪಿಂಗ್ ಮೇಲೆ ಪಿಂಗ್. ಕಾರ್ಟ್ ಹಾಗೇ ಇತ್ತು, ಒಂದು ಕ್ಲಿಕ್ಕಿಗೆ ಆರ್ಡರ್ ಹೋಗುತ್ತಿತ್ತು. ನಾನು ವಿಂಡೋ ಮುಚ್ಚಲಿಲ್ಲ.

ಉತ್ತರ ಬಂತು: ಚೇಂಬರ್ 2¾, ಎರಡೂ ನಳಿಗೆ ಫುಲ್ ಚೋಕ್, ಅಂದರೆ ನಳಿಗೆಯ ತುದಿ ಬಹಳ ಬಿಗಿ. ಉಕ್ಕಿನ ಚರೆ ಸೀಸದ ಹಾಗೆ ಅದುಮಿಕೊಳ್ಳೋದಿಲ್ಲ, ಹಳೆ ನಳಿಗೆಯ ಬಿಗಿ ಚೋಕಿನಲ್ಲಿ ಹಾದರೆ ನಳಿಗೆ ಉಬ್ಬಬಹುದು. 2¾ ಇಂಚಿನ ಬಿಸ್ಮತ್ (ಸೀಸದ ಬದಲಿಗೆ ಬಳಸೋ ಲೋಹ), ನಂಬರ್ 2 ತೊಗೊಳ್ಳಿ ಅಂದೆ. ಉಕ್ಕಿಗಿಂತ ಮೆತ್ತಗೆ, ಉಕ್ಕಿಗಿಂತ ಭಾರ. ತುಟ್ಟಿ ಮಾತ್ರ ಬಹಳ. ಮೊದಲು ಗನ್‌ಸ್ಮಿತ್‌ಗೆ ತೋರಿಸಿ ಅಂತಲೂ ಬರೆದೆ. ಬಿಬಿ ತೆಗೆದು ಬಿಸ್ಮತ್‌ನ ಒಂದೇ ಬಾಕ್ಸ್ ತೊಗೊಂಡರು.

ಕ್ಯೂಎ ಶೀಟಿನಲ್ಲಿ ಬಂದದ್ದು 'ಅನಗತ್ಯ ಪ್ರೋಬಿಂಗ್', ಅಂದರೆ ಬೇಡದ ಪ್ರಶ್ನೆ ಕೇಳಿ ಸಮಯ ಎಳೆದದ್ದು. ಡಿಸ್ಪ್ಯೂಟ್ ಹಾಕಿದ್ದೇನೆ. ಹೊಸದಾಗಿ ಸೇರಿದವರಿಗೆ ಹೇಳೋದು, ಗೇಜ್ ಕೇಳಿದ ಕೂಡಲೇ ಚೇಂಬರ್ ಕೇಳಿ, ಆಮೇಲೆ ಚೋಕ್. ಚರೆ ನಂಬರ್ ಕೊನೆಗೆ. ಟೂಲ್‌ನಲ್ಲಿ ಚೇಂಬರಿನ ಫಿಲ್ಟರೇ ಇಲ್ಲ. ಅದನ್ನು ಸೇರಿಸಿ ಅಂತ ಹಾಕಿದ ಟಿಕೆಟ್ 'ಲೋ ಪ್ರಯಾರಿಟಿ' ಅಂತ ಬಿದ್ದಿದೆ. ಮತ್ತೆ ಹಾಕುತ್ತೇನೆ.