ತಪ್ಪು ಒತ್ತಿ ನೋಡಿದೆ

ಧಾರವಾಡ, 18 ಮೇ 2025, ಭಾನುವಾರ

ಮಗಳು ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದಿದ್ದಾಳೆ. ಆಪೂಸಿನ ಬುಟ್ಟಿ ಖಾಲಿಯಾಗುತ್ತ ಬಂತು, ಮೊಮ್ಮಗಳ ಕೈಯಿಂದ ಮೊಬೈಲ್ ಮಾತ್ರ ಇಳಿಯಲಿಲ್ಲ. ಕೇಳಿದರೆ ಮಗಳು, "ಅವ್ವಾ, ಅದು ಆಟವಲ್ಲ, ಕಲಿಕೆಯ ಆ್ಯಪ್" ಎನ್ನುತ್ತಾಳೆ. ಕಲಿಕೆಯಾದರೆ ಅದು ನನ್ನ ಕಸುಬು. ನಿವೃತ್ತಿಯಾಗುವವರೆಗೂ ಒಂದನೆಯ ತರಗತಿಗೆ ಅಕ್ಷರ ತಿದ್ದಿಸಿದವಳು ನಾನು. ಊಟವಾದ ಮೇಲೆ ನಾಲ್ಕು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿದ್ದ ಆ್ಯಪ್‌ಗಳನ್ನು ಒಂದೊಂದಾಗಿ ತೆರೆದೆ.

ನನ್ನ ಪರೀಕ್ಷೆ ಒಂದೇ: ಬೇಕೆಂದೇ ತಪ್ಪು ಉತ್ತರ ಕೊಡುವುದು. ಉತ್ತರ ಸರಿಯಾದರೆ ಯಾವ ಆ್ಯಪ್ ಬೇಕಾದರೂ ಚಪ್ಪಾಳೆ ತಟ್ಟುತ್ತದೆ. ಕಲಿಸುವವರ ಯೋಗ್ಯತೆ ಗೊತ್ತಾಗುವುದು ಮಗು ತಪ್ಪಿದಾಗ. ಎಣಿಕೆಯ ಒಂದು ಆ್ಯಪ್‌ನಲ್ಲಿ ಐದು ಮೀನುಗಳಿದ್ದವು, ಕೆಳಗೆ 3, 5, 8 ಎಂಬ ಗುಂಡಿಗಳು. ಮೂರನ್ನು ಒತ್ತಿದೆ, ಟುಂಯ್ ಎಂದಿತು, ಅಷ್ಟೇ. ಎಂಟನ್ನು ಒತ್ತಿದರೂ ಅದೇ ಟುಂಯ್. ಐದನ್ನು ಒತ್ತಿದೊಡನೆ ನಕ್ಷತ್ರ. ಮೊಮ್ಮಗಳಂತೂ ಮೀನುಗಳನ್ನು ನೋಡುವುದನ್ನೇ ಬಿಟ್ಟಿದ್ದಾಳೆ. ಮೂರೂ ಗುಂಡಿಗಳನ್ನು ಪಟಪಟನೆ ಒತ್ತಿ ನಕ್ಷತ್ರ ದೋಚುತ್ತಾಳೆ. ಎಣಿಸದೆಯೇ ಗೆಲ್ಲುವ ಉಪಾಯ ಕಂಡುಕೊಂಡ ಅವಳಿಗೆ ನೂರಕ್ಕೆ ನೂರು, ಆ್ಯಪ್‌ಗೆ ಸೊನ್ನೆ. ಇನ್ನೊಂದು ಆ್ಯಪ್‌ನಲ್ಲಿ ತಪ್ಪು ಒತ್ತಿದಾಗ ಚಿತ್ರದಲ್ಲಿದ್ದ ಹಣ್ಣುಗಳು ಸರದಿಯಂತೆ ಮಿನುಗಿದವು, ಧ್ವನಿಯೊಂದು ಜೊತೆಗೆ ಎಣಿಸಿತು, ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿತು. ಅದನ್ನು ಉಳಿಸಿಕೊಂಡೆವು.

ಅಕ್ಷರ ತಿದ್ದುವ ಆ್ಯಪ್ ತೆರೆದಾಗ ನನಗೆ ಸಿಟ್ಟೇ ಬಂತು. ಚುಕ್ಕೆ ಗೆರೆಯಲ್ಲಿ 'ಅ' ಕೊಟ್ಟಿದ್ದರು. ಮುಗಿಯಬೇಕಾದ ಕಡೆಯಿಂದ ಶುರುಮಾಡಿ ಉಲ್ಟಾ ತಿದ್ದಿದೆ, ಒಪ್ಪಿತು. ಬೆರಳಿನಿಂದ ಗೀಚಿ ಗೀಚಿ ಬಣ್ಣ ತುಂಬಿದೆ. ಅದಕ್ಕೂ 'ಗುಡ್ ಜಾಬ್'. ಪಾಟಿಯ ಮೇಲೆ ಕೈ ಹಿಡಿದು ತಿದ್ದಿಸುವಾಗ ಗೆರೆ ಎಲ್ಲಿಂದ ಹೊರಡುತ್ತದೆ, ಎಲ್ಲಿ ಹೊರಳುತ್ತದೆ ಎಂಬುದೇ ಪಾಠ. ಅದನ್ನೇ ಬಿಟ್ಟ ಮೇಲೆ ಉಳಿಯುವುದು ಬಣ್ಣ ಬಳಿಯುವ ಕೆಲಸ. ಸಾಲದ್ದಕ್ಕೆ ಅದರೊಳಗಿನ ಧ್ವನಿ 'ಬಾಲೆಹನ್ನು' ಎನ್ನುತ್ತಿತ್ತು. ಮೊಮ್ಮಗಳು ನನ್ನ ಮುಖ ನೋಡಿ, "ಅಜ್ಜಿ, ಅದಕ್ಕೆ ಮಾತು ಬರುವುದಿಲ್ಲ" ಎಂದಳು. ತಕ್ಷಣ ಅಳಿಸಿದೆ.

ಕ್ಯಾಥಿ ಹರ್ಷ್-ಪಾಸೆಕ್ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ ಸಂಗಡಿಗರೊಡನೆ 2015ರಲ್ಲಿ ಮಕ್ಕಳ ಆ್ಯಪ್‌ಗಳ ಬಗ್ಗೆ ನಾಲ್ಕು ಒರೆಗಲ್ಲುಗಳನ್ನು ಮುಂದಿಟ್ಟಿದ್ದರು. ಮಗು ತಾನಾಗಿ ಯೋಚಿಸಬೇಕು, ಗಮನ ಚದುರಬಾರದು, ಕಲಿತದ್ದು ಅದರ ಬದುಕಿಗೆ ಅಂಟಿಕೊಂಡಿರಬೇಕು, ಇನ್ನೊಬ್ಬರೊಡನೆ ಮಾತುಕತೆಗೆ ಎಡೆಯಿರಬೇಕು. ನಾನು ನೋಡಿದವುಗಳಲ್ಲಿ ಹೆಚ್ಚಿನವು ಎರಡನೆಯದರಲ್ಲೇ ಮುಗ್ಗರಿಸಿದವು. ಕಥೆಯ ನಡುವೆ ಮೊಲವನ್ನು ಮುಟ್ಟಿದರೆ ಕುಣಿಯುತ್ತದೆ, ಮರವನ್ನು ಮುಟ್ಟಿದರೆ ಹಣ್ಣು ಉದುರುತ್ತದೆ. ಕಥೆಯಲ್ಲಿ ಏನಾಯಿತು ಎಂದು ಕೇಳಿದರೆ ಮೊಮ್ಮಗಳು ಎದ್ದು ಮೊಲದ ಹಾಗೆ ಕುಣಿದು ತೋರಿಸುತ್ತಾಳೆ.

ಜಾಹೀರಾತು ಇರುವ ಆ್ಯಪ್‌ಗಳನ್ನು ತೆರೆಯುವ ಗೋಜಿಗೇ ಹೋಗಲಿಲ್ಲ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಹೆಸರಿನ ಕೆಳಗೇ ಜಾಹೀರಾತು ಇದೆಯೇ, ಒಳಗೆ ಖರೀದಿ ಇದೆಯೇ ಎಂದು ಬರೆದಿರುತ್ತದೆ. ಖರೀದಿಯ ಬಾಗಿಲು ದೊಡ್ಡವರಿಗಷ್ಟೇ ತೆರೆಯಲಿ ಎಂದು ಒಂದು ಆ್ಯಪ್ ಏಳು ಮೂರಲೆ ಎಷ್ಟು ಎಂದು ಕೇಳುತ್ತಿತ್ತು. ನಾಲ್ಕನೆಯ ತರಗತಿಯ ಮೊಮ್ಮಗ ಮಗ್ಗಿಯನ್ನು ನನ್ನಿಂದಲೇ ಕಲಿತವನು. ತಂಗಿಗೆ ಬಾಗಿಲು ತೆರೆದುಕೊಡಲು ಅವನಿಗೆ ಕ್ಷಣವೂ ಬೇಡ.

ಖಾನ್ ಅಕಾಡೆಮಿ ಕಿಡ್ಸ್ ಇರಲಿ ಎಂದೆ. ಅದಕ್ಕೆ ದುಡ್ಡಿಲ್ಲ, ಜಾಹೀರಾತಿಲ್ಲ, ಆದರೆ ಕನ್ನಡವೂ ಇಲ್ಲ. ಕನ್ನಡಕ್ಕೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ಇದೆ. ಅಲ್ಲಿನ ಮೊದಲ ಹಂತದ ಕಥೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು, ಉಳಿದದ್ದೆಲ್ಲ ಚಿತ್ರ. ಓದುವುದು ನಾನು, ಪುಟ ಸರಿಸುವುದು ಅವಳು. ಸರಿಸುವ ಮುನ್ನ, ಮುಂದೆ ಏನಾಗುತ್ತದೆ ಹೇಳು ಎಂದು ತಡೆಯುತ್ತೇನೆ. ಆ ತಡೆ ಯಾವ ಆ್ಯಪ್‌ನಲ್ಲೂ ನನಗೆ ಸಿಗಲಿಲ್ಲ.

ಎಷ್ಟು ಹೊತ್ತು ಎಂಬುದಕ್ಕೆ ನಾನು ವಾದ ಮಾಡಬೇಕಾಗಲಿಲ್ಲ. ಮೂರು, ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ. ಅರವತ್ತೆಂಟು ವರ್ಷದವರು ಎಷ್ಟು ಹೊತ್ತು ಕ್ರಿಕೆಟ್ ನೋಡಬಹುದು ಎಂದು ಅವರು ಹೇಳಿಲ್ಲ. ನಮ್ಮ ಯಜಮಾನರು ಬಚಾವಾದರು.

ಸಂಜೆ ಮಗಳಿಗೆ ನೆನಪಾಯಿತು: ಅಳಿಸಿದ ಆ್ಯಪ್‌ಗಳಲ್ಲಿ ಒಂದಕ್ಕೆ ಅವಳು ಚಂದಾ ಕಟ್ಟಿದ್ದಾಳೆ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಪ್ಲೇ ಸ್ಟೋರ್‌ನ ಚಂದಾ ಪಟ್ಟಿಗೆ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕು. ತಾಯಿ, ಮಗಳು ಇಬ್ಬರೂ ಹುಡುಕಿದೆವು, ಗುಂಡಿ ಸಿಗಲಿಲ್ಲ. ಕೊನೆಗೆ ಮೊಮ್ಮಗ ಬಂದು ರದ್ದು ಮಾಡಿಕೊಟ್ಟ, ಕೂಲಿಗೆ ಲೈನ್ ಬಜಾರಿನ ಪೇಡೆ ಕೇಳಿದ.