ಹನ್ನೊಂದು ಜನ, ಒಂದು ಮೇಜು: ಹಿಮದ ರಜೆಯ ಕಡತ, ಐದನೇ ಕಂತು

ನಿನ್ನೆ ರಾತ್ರಿ ಹನ್ನೊಂದೂ ಜನ ಒಂದೇ ಮೇಜಿಗೆ ಬಂದು ಕುಳಿತರು. ಸದ್ಯಕ್ಕೆ ಕಾಗದದ ಮೇಲೆ, ಪೆನ್ಸಿಲಿನಲ್ಲಿ. ಆದರೂ ಏಳು ವಾರಗಳ ಗುದ್ದಾಟದ ನಂತರ ಇದು ಸಣ್ಣ ಗೆಲುವಲ್ಲ ಅನ್ನಿಸಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಒಳ್ಳೆಯದಾಯಿತು, ದೀಪ ಆರಿಸಿ ಮಲಗಿ" ಎಂದಳು.

ವರ್ಷಾಂತ್ಯಕ್ಕೆ ಕುಟುಂಬದ ಹನ್ನೊಂದು ಜನರನ್ನು ಸ್ವಿಟ್ಜರ್ಲೆಂಡಿನ ಹಿಮಕ್ಕೆ, ಸ್ಕೀಯಿಂಗಿಗೆ ಕರೆದೊಯ್ಯುವ ಯೋಜನೆಯ ಕಡತ ಇದು. ವೀಸಾ, ವಿಮಾನ, ಮನೆ ಬಾಡಿಗೆ ಇವೆಲ್ಲ ಮುಗಿದ ಕಥೆ. ಮತ್ತೆ ಬರೆಯುವುದಿಲ್ಲ. ಒಂದೇ ಮಾತು: ಊರಿನಿಂದ ಬರುವವರಿಗೆ ತೆಗೆದ ಪ್ರಯಾಣ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಿ. ನಮ್ಮದರಲ್ಲಿ ಸೇರಿರಲಿಲ್ಲ.

ತಂಡದ ಪರಿಚಯ ಇನ್ನೊಮ್ಮೆ. ಜ್ಯೂರಿಕ್‌ನಿಂದ ನಾವು ನಾಲ್ವರು. ಸ್ಕೀ ಇಳಿಜಾರುಗಳಲ್ಲಿ ನೀಲಿ ಸುಲಭದ್ದು, ಕೆಂಪು ನಡುವಿನದು, ಕಪ್ಪು ಕಷ್ಟದ್ದು. ಹೆಂಡತಿ ಕೆಂಪು ಇಳಿಜಾರುಗಳನ್ನು ನೆಮ್ಮದಿಯಾಗಿ ಇಳಿಯುತ್ತಾಳೆ. ಹದಿಮೂರರ ಮಗಳು ಕಪ್ಪು ಇಳಿಜಾರನ್ನು ಯಾರನ್ನೂ ಕೇಳದೆ ಇಳಿಯುತ್ತಾಳೆ. ನಾನು ಒಂಬತ್ತು ವರ್ಷಗಳಿಂದ ನೀಲಿಯಲ್ಲೇ ಇದ್ದೇನೆ, ಇನ್ನು ಅಲ್ಲಿಯೇ ನಿವೃತ್ತಿ. ಆರು ವರ್ಷದ ಮಗ ಸ್ಕೀಗಳನ್ನು ತ್ರಿಕೋನ ಮಾಡಿ ನಿಲ್ಲಲು ಕಲಿತಿದ್ದಾನೆ. ನಿಂತ ಮೇಲೆ ಕೂರುತ್ತಾನೆ. ಮ್ಯೂನಿಕ್‌ನಿಂದ ಬರುವ ಭಾವಮೈದುನನದು ಸ್ನೋಬೋರ್ಡ್. ಸಮತಟ್ಟು ದಾರಿ ಕಂಡರೆ ಅವನಿಗೆ ಆಗುವುದಿಲ್ಲ. ಬೆಂಗಳೂರಿನಿಂದ ಅಕ್ಕ, ಭಾವ, ಅವರ ಇಬ್ಬರು ಹುಡುಗರು; ನಾಲ್ವರೂ ಹಿಮ ಕಂಡಿರುವುದು ಫ್ರೀಜರಿನಲ್ಲಿ. ಹುಬ್ಬಳ್ಳಿಯಿಂದ ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು.

ಅಮ್ಮ ಹಾಕಿದ್ದು ಒಂದೇ ಷರತ್ತು. "ನೀವು ಎಲ್ಲಿ ಬೇಕಾದರೂ ಜಾರಿಕೊಳ್ಳಿ. ಮಧ್ಯಾಹ್ನ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು. ಇಲ್ಲದಿದ್ದರೆ ನನ್ನನ್ನು ಅಷ್ಟು ದೂರ ಯಾಕೆ ಕರೆಸುತ್ತೀ?"

ಕೇಳಲು ಎಷ್ಟು ಸುಲಭ! ಇಡೀ ಯೋಜನೆಯನ್ನು ಏಳು ವಾರ ತಡೆದು ನಿಲ್ಲಿಸಿದ್ದು ಈ ಊಟ. ಮೂರನೇ ಕಂತಿನಲ್ಲಿ ನಾನು ಬಾಯ್ತುಂಬ ಹೊಗಳಿದ ಊರು ಮೊದಲು ಬಿದ್ದುಹೋಯಿತು. ಅಲ್ಲಿ ನಡುಗುಡ್ಡದ ಹೋಟೆಲಿಗೆ ಚೇರ್‌ಲಿಫ್ಟ್ ಒಂದೇ ದಾರಿ, ಕಾಲಲ್ಲಿ ಸ್ಕೀ ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ. ಎರಡನೆಯ ಊರಿನಲ್ಲಿ ಕಲಿಯುವವರ ಇಳಿಜಾರು ಕಣಿವೆಯ ತಳದಲ್ಲಿತ್ತು. ಹೆಂಡತಿ, ಮಗಳು ಊಟಕ್ಕಾಗಿ ಮೇಲಿನಿಂದ ಕೆಳಗಿನವರೆಗೂ ಬಂದು ಮತ್ತೆ ಲಿಫ್ಟಿನ ಸಾಲಿನಲ್ಲಿ ನಿಲ್ಲಬೇಕು. ಒಂದು ಊಟಕ್ಕೆ ಅರ್ಧ ದಿನ. "ಹಾಗಾದರೆ ನಾನು ಊಟವನ್ನೇ ಬಿಡುತ್ತೇನೆ" ಎಂದಳು ಮಗಳು. ಅದನ್ನು ಅಮ್ಮನಿಗೆ ನಾನು ತಿಳಿಸಲಿಲ್ಲ.

ಗಂಟು ಬಿಚ್ಚಿದವರು ಅಪ್ಪ. ಹುಬ್ಬಳ್ಳಿಯ ರೈಲ್ವೆ ಕಂಟ್ರೋಲ್ ಕಚೇರಿಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ನಿವೃತ್ತರಾದವರು. ವಿಡಿಯೋ ಕರೆಯಲ್ಲಿ ನನ್ನ ಬಣ್ಣಬಣ್ಣದ ಕೋಷ್ಟಕವನ್ನು ಹತ್ತು ನಿಮಿಷ ನೋಡಿ, "ಇದರಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬುದೇ ಕಾಣುವುದಿಲ್ಲವಲ್ಲ. ಚಾರ್ಟ್ ಹಾಕು" ಎಂದರು. ರೈಲ್ವೆಯವರ ಕಂಟ್ರೋಲ್ ಚಾರ್ಟ್ ಕಂಡವರಿಗೆ ಗೊತ್ತು: ಅಡ್ಡಕ್ಕೆ ಸಮಯ, ಉದ್ದಕ್ಕೆ ನಿಲ್ದಾಣಗಳು, ಒಂದೊಂದು ಗಾಡಿಗೂ ಒಂದು ಓರೆ ಗೆರೆ. ಗಾಡಿ ನಿಂತಿದ್ದರೆ ಗೆರೆ ಮಲಗುತ್ತದೆ. ಎರಡು ಗೆರೆಗಳು ಕೂಡುವ ಕಡೆ ಕ್ರಾಸಿಂಗ್, ಅಂದರೆ ಗಾಡಿಗಳು ಸಂಧಿಸುವ ಜಾಗ. "ನಿನಗೆ ಬೇಕಾಗಿರುವುದು ಹನ್ನೊಂದು ಗಾಡಿಗಳಿಗೆ ಒಂದು ಕ್ರಾಸಿಂಗ್ ಸ್ಟೇಷನ್. ಮೊದಲು ಸ್ಟೇಷನ್ ಹುಡುಕು, ಇಳಿಜಾರು ಆಮೇಲೆ."

ನಾಚಿಕೆಯಾಯಿತು. ಅಲ್ಲಿಯವರೆಗೂ ನಾನು ಇಳಿಜಾರಿನ ನಕ್ಷೆಯನ್ನು ಸ್ಕೀ ಕಟ್ಟಿದವನ ಕಣ್ಣಿನಿಂದ, ಮೇಲಿನಿಂದ ಕೆಳಕ್ಕೆ, ನೋಡುತ್ತಿದ್ದೆ. ಸೀರೆಯ ಮೇಲೆ ಕೋಟು ತೊಟ್ಟ ಅಮ್ಮ ಕೆಳಗಿನಿಂದ ಮೇಲಕ್ಕೆ ಹೇಗೆ ಬರುತ್ತಾರೆ ಎಂದು ನೋಡಿದ್ದರೆ ಮೊದಲ ದಿನವೇ ಉತ್ತರ ಸಿಗುತ್ತಿತ್ತು. ಉತ್ತರ: ವೆಂಗೆನ್.

ಲೌಟರ್‌ಬ್ರುನ್ನೆನ್ ಕಣಿವೆಯ ಮೇಲೆ 1274 ಮೀಟರ್ ಎತ್ತರದಲ್ಲಿರುವ ಈ ಸ್ವಿಸ್ ಊರಿಗೆ ಕಾರು ಹೋಗುವುದಿಲ್ಲ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹತ್ತುವ ಹಲ್ಲುಹಳಿಯ ರೈಲು ಹೋಗುತ್ತದೆ. ಅದೇ ರೈಲು ಮುಂದೆ ಹತ್ತಿ 2061 ಮೀಟರ್ ಎತ್ತರದ ಕ್ಲೈನೆ ಶೈಡೆಗ್ ತಲುಪುತ್ತದೆ. ಅಲ್ಲಿ ನಿಲ್ದಾಣ, ಹೋಟೆಲು, ಇಳಿಜಾರು, ಲಿಫ್ಟು ಎಲ್ಲವೂ ಒಂದೇ ಅಂಗಳದಲ್ಲಿವೆ. ಎದುರಿಗೆ ಐಗರ್ ಪರ್ವತ. ಸ್ಕೀ ಇದ್ದವರು ಜಾರಿ ಬರಬಹುದು, ಇಲ್ಲದವರು ಕಿಟಕಿ ಪಕ್ಕ ಕುಳಿತು ಬರಬಹುದು. ವೆಂಗೆರ್ನಾಲ್ಪ್ ಎಂಬ ಈ ರೈಲು 1893ರಿಂದ ಓಡುತ್ತಿದೆ. ಅದರ ಅತಿ ಕಡಿದಾದ ಏರು ನಾಲ್ಕಕ್ಕೆ ಒಂದು, ಅಂದರೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಎಂದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕ್ಯಾಸಲ್‌ರಾಕ್ ಘಾಟಿನ 37ಕ್ಕೆ ಒಂದು ಏರಿಗೇ ಹಿಂದಿನಿಂದ ಎಂಜಿನ್ ಕೊಟ್ಟು ಗಾಡಿ ತಳ್ಳಿಸಿದ ಕಾಲದವರು ಅವರು. "ಹಲ್ಲು ಇದೆ, ಸರಿ. ಬ್ರೇಕ್ ಯಾವ ತರಹದ್ದು?" ಎಂದರು. ಆ ಸಂಜೆ ರಜೆಯ ಮಾತು ಅಲ್ಲಿಗೇ ನಿಂತಿತು.

ಚಾರ್ಟ್ ಬರೆಯತೊಡಗಿದಾಗ ಮೊದಲ ಪೆಟ್ಟು ಬಿದ್ದದ್ದು ಬೆಳಗಿನ ಹೊತ್ತಿಗೆ. ಮಗನ ಗೆರೆಯನ್ನು ಮನೆಯಿಂದ ಊರಿನ ನಡುವಿನ ಮಕ್ಕಳ ಇಳಿಜಾರಿಗೆ ಹತ್ತು ನಿಮಿಷದಲ್ಲಿ ಎಳೆದಿದ್ದೆ. ಸ್ಕೀ ಬೂಟು ತೊಟ್ಟ ಆರು ವರ್ಷದ ಹುಡುಗ ನಡೆಯುವ ವೇಗ ನಿಮಗೂ ಗೊತ್ತಿದೆ. ಎಲ್ಲ ತೊಡಿಸಿ ಬಾಗಿಲು ದಾಟಿದ ಮೇಲೆಯೇ ಅವನಿಗೆ ಶೌಚಾಲಯದ ನೆನಪಾಗುವುದು. ಅಪ್ಪ ಆ ಜಾಗದಲ್ಲಿ ಕೆಂಪು ಪೆನ್ಸಿಲಿನಿಂದ "ಡಿಟೆನ್ಷನ್, 25 ನಿಮಿಷ" ಎಂದು ಬರೆಸಿದರು; ಗಾಡಿ ತಡೆದು ನಿಂತ ಹೊತ್ತಿಗೆ ರೈಲ್ವೆಯವರ ಮಾತು ಅದು. ಈ ಒಂದು ತಿದ್ದುಪಡಿಯಿಂದ ಭಾವ, ಹುಡುಗರು, ನಾನು, ನಾಲ್ವರ ಗೆರೆಗಳೂ ಜರುಗಿದವು.

ಎರಡನೇ ಪೆಟ್ಟು ಹೋಟೆಲಿನದು. ಹನ್ನೆರಡೂವರೆಗೆ ಹನ್ನೊಂದು ಜನರ ಮೇಜು ಬೇಕೆಂದು ಬರೆದರೆ, ವರ್ಷಾಂತ್ಯದ ವಾರದಲ್ಲಿ ಒಂದೋ 11.15, ಇಲ್ಲವೇ 13.45 ಎಂದು ಉತ್ತರ ಬಂತು. ಎರಡು ದಿನ ಅವರನ್ನು ಬೈದುಕೊಂಡು ಓಡಾಡಿದೆ. ಕೊನೆಗೆ ನಿನ್ನೆ ರಾತ್ರಿ, ಸುಮ್ಮನೆ ನೋಡೋಣವೆಂದು, ಎಲ್ಲ ಗೆರೆಗಳನ್ನೂ 13.45ಕ್ಕೆ ಜರುಗಿಸಿದೆ. ತಾವಾಗಿಯೇ ಕೂಡಿಕೊಂಡವು! ಕಲಿಯುವವರ ಪಾಠ ಹನ್ನೆರಡಕ್ಕೆ ಮುಗಿಯುತ್ತದೆ. ಬೂಟು ಬಿಚ್ಚಿ, ಒದ್ದೆ ಕೈಗವಸು ಬದಲಿಸಿ ಒಂದು ರೈಲು ತಪ್ಪಿದರೂ ಅರ್ಧ ಗಂಟೆಗೆ ಇನ್ನೊಂದಿದೆ. ಅಮ್ಮ, ಅಪ್ಪ, ಅಕ್ಕ ಅದೇ ಗಾಡಿ ಹತ್ತುತ್ತಾರೆ. ಲೋಕವೆಲ್ಲ ಊಟಕ್ಕೆ ಕುಳಿತಿರುವ ಆ ಹೊತ್ತಿನಲ್ಲಿ ಹೆಂಡತಿ, ಮಗಳು, ಭಾವಮೈದುನನಿಗೆ ಇಳಿಜಾರು ಖಾಲಿ ಸಿಗುತ್ತದೆ. ಹಸಿವಿಗೆ ಎಲ್ಲರ ಜೇಬಿನಲ್ಲೂ ಕೋಡುಬಳೆ. ಊಟವಾದ ಮೇಲೆ ಕಲಿಯುವವರು ರೈಲಿನಲ್ಲೇ ಇಳಿಯುತ್ತಾರೆ. ಡಿಸೆಂಬರಿನ ಮಸುಕು ಬೆಳಕಿನಲ್ಲಿ, ದಣಿದ ಕಾಲಿನಲ್ಲಿ, ಮೊದಲ ವಾರದವರನ್ನು ಊರಿನವರೆಗೆ ಜಾರಿಸುವ ಹುಚ್ಚು ನನಗಿಲ್ಲ.

ಅಮ್ಮನ ಪಂಚಾಂಗವೂ ಚಾರ್ಟಿಗೆ ಸೇರಿದೆ. ಈ ಸಲ ವೈಕುಂಠ ಏಕಾದಶಿ ಡಿಸೆಂಬರ್ 30, ಮಂಗಳವಾರ. ಅಂದು ಅವರಿಗೆ ಉಪವಾಸ, ಆದ್ದರಿಂದ ಮೇಜೂ ಇಲ್ಲ, ಮಗಳ ತಂಡಕ್ಕೆ ಆಚೆ ಕಣಿವೆಯ ಊರಾದ ಗ್ರಿಂಡೆಲ್‌ವಾಲ್ಡ್ ಕಡೆಗೆ ದೂರ ಹೋಗಲು ಇಡೀ ದಿನ. ದೊಡ್ಡ ಊಟ 31ಕ್ಕೆ. ಧನುರ್ಮಾಸವಾದ್ದರಿಂದ ಅಮ್ಮ ಹೇಗೂ ಬೆಳಕು ಹರಿಯುವ ಮೊದಲೇ ಎದ್ದು ಹುಗ್ಗಿ ಮಾಡುತ್ತಾರೆ. ಹಿಮಕ್ಕೆ ಹೋಗುವವರಿಗೆ ತುಪ್ಪ, ಮೆಣಸು ಹಾಕಿದ ಬಿಸಿ ಹುಗ್ಗಿಗಿಂತ ಒಳ್ಳೆಯ ತಿಂಡಿ ಯಾವುದಿದೆ? ಕುಕ್ಕರನ್ನು ಸಾಮಾನಿನ ಪಟ್ಟಿಗೆ ಸೇರಿಸಿದ್ದೇನೆ.

ಕ್ಲೈನೆ ಶೈಡೆಗ್‌ನ ಪಕ್ಕದಲ್ಲೇ ಲೌಬರ್‌ಹಾರ್ನ್ ಶಿಖರ. ಜನವರಿಯಲ್ಲಿ ಅಲ್ಲಿ ವಿಶ್ವಕಪ್ ಸ್ಕೀ ಓಟ. ಸುಮಾರು ನಾಲ್ಕೂವರೆ ಕಿಲೋಮೀಟರ್ ಇಳಿಜಾರನ್ನು ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಮಗಳು ಅದೇ ದಾರಿಯಲ್ಲಿ ಇಳಿಯಬೇಕಂತೆ. ನನ್ನ ಕಣ್ಣು ಬೇರೆ ಕಡೆ ಇದೆ: ಗ್ರಿಂಡೆಲ್‌ವಾಲ್ಡ್‌ನ ಆಚೆ ಫೌಲ್‌ಹಾರ್ನ್ ಶಿಖರದಿಂದ ಊರಿನವರೆಗೆ 15 ಕಿಲೋಮೀಟರ್ ಉದ್ದದ ಸ್ಲೆಡ್ಜ್ ದಾರಿ. ಫಿರ್ಸ್ಟ್ (First) ಎಂಬ ಜಾಗದವರೆಗೆ ಲಿಫ್ಟು, ಅಲ್ಲಿಂದ ಎರಡೂವರೆ ಗಂಟೆ ಮರದ ಸ್ಲೆಡ್ಜ್ ಎಳೆದುಕೊಂಡು ಹತ್ತಬೇಕು. ಹಳೆಯ ಸ್ಲೆಡ್ಜ್ ಒಂದನ್ನು ಸಂತೆಯಲ್ಲಿ ಕೊಂಡು ಬಾಲ್ಕನಿಯಲ್ಲಿ ಬಚ್ಚಿಟ್ಟಿದ್ದೇನೆ. ಅಡಿಯ ಲೋಹದ ಪಟ್ಟಿಯ ತುಕ್ಕು ಉಜ್ಜಬೇಕು, ಮೇಣ ಬಳಿಯಬೇಕು. ಅದರದೇ ಕಡತ ಫೆಬ್ರುವರಿಯಲ್ಲಿ ತೆರೆಯುತ್ತೇನೆ. ಈಗಲೇ ಹೇಳಿದರೆ ಮನೆಯಲ್ಲಿ ಜಗಳ.

ಇನ್ನು ಗೋಳು. ಬೆಂಗಳೂರಿನ ಅಂಗಡಿಯೊಂದು ಅಕ್ಕನಿಗೆ "ಹಿಮದ ಜಾಕೆಟ್" ಎಂದು ನಾಲ್ಕು ಜಾಕೆಟ್ ಮಾರಿದೆ. ನಲ್ಲಿಯ ಕೆಳಗೆ ಹಿಡಿದು ನೋಡು ಎಂದೆ. ಎರಡು ನಿಮಿಷದಲ್ಲಿ ಒಳಗಿನ ಬಟ್ಟೆ ಹಿಂಡುವಂತಾಯಿತು. ವಾಪಸ್ ಕೊಡಲು ಹೋದರೆ "ನೀರಿಗೆ ಹಿಡಿದಿದ್ದೀರಿ, ತೆಗೆದುಕೊಳ್ಳುವುದಿಲ್ಲ" ಎಂದರಂತೆ. ಬಾಡಿಗೆ ಸ್ಕೀ ಅಂಗಡಿಯವರಿಗೆ ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಬೇಕು, ನಮ್ಮವರು ಚಪ್ಪಲಿ ನಂಬರ್ ಕಳುಹಿಸುತ್ತಾರೆ. ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ಗುರುತು ಹಾಕಿ ಎಂದು ಮೂರು ಸಲ ಬರೆದೆ. ದಪ್ಪ ಕಾಲುಚೀಲ ಎರಡೆರಡು ತೊಟ್ಟು ಅಳೆದ ಮಹಾನುಭಾವರು ಭಾವ.

ಭಾವನ ವಿಷಯ ಬಂತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಎಂಬ ಲೆಕ್ಕಕ್ಕೆ ದೇಹದ ತೂಕವೂ ಬೇಕು. ಭಾವ ತುಂಬಿದ್ದು 78 ಕಿಲೋ. ಕಳೆದ ಬೇಸಿಗೆಯಲ್ಲಿ ಅವರನ್ನು ಕಂಡವನು ನಾನು. ತೂಕ ಕಡಿಮೆ ಬರೆದರೆ ಬೈಂಡಿಂಗ್ ಸಡಿಲವಾಗಿ, ಬೀಳುವ ಮೊದಲೇ ಸ್ಕೀ ಕಳಚಿಕೊಳ್ಳುತ್ತದೆ. ಇದನ್ನು ಭಾವನಿಗೆ ಹೇಗೆ ಹೇಳುವುದು? ಬೂಟಿನ ವಿಷಯವೆಂದು ನೆಪ ಮಾಡಿ ಅಕ್ಕನನ್ನು ಕೇಳಿದ್ದೆ. ಇಂದು ಬೆಳಿಗ್ಗೆ ಉತ್ತರ ಬಂದಿದೆ: "91. ನಾನು ಹೇಳಿದೆ ಎಂದು ಹೇಳಬೇಡ. ನನ್ನದರಲ್ಲೂ ಆರು ಸೇರಿಸಿಕೋ, ಸ್ಲೆಡ್ಜ್ ಮೇಲೆ ಕೂರುವ ಯೋಚನೆ ಇದೆ."

ಬಾಲ್ಕನಿಯ ಸುದ್ದಿ ಇವಳಿಗೆ ಯಾರು ಹೇಳಿದರು?